ದಾರಿ ಗೊತ್ತುಮಾಡದೆ ಖಂಡ ದಾಟುವ ಒಂಟಿ ತಿರುಗಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಈವರೆಗೆ ಮೂರು ಸಲ ದೀರ್ಘ ತಿರುಗಾಟಕ್ಕೆ ಒಬ್ಬಳೇ ಹೋಗಿದ್ದೇನೆ. ಎಲ್ಲಕ್ಕಿಂತ ಉದ್ದದ್ದು 19 ತಿಂಗಳು. ಮೂರಕ್ಕೂ ಹೊರಡುವ ದಿನದ ಟಿಕೆಟ್ ಇತ್ತು, ವಾಪಸ್ ಟಿಕೆಟ್ ಇರಲಿಲ್ಲ. ಸಿಕ್ಕವರು ಕೇಳುವ, ಪತ್ರ ಬರೆದು ಕೇಳುವ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವಂಥವನ್ನು ಇಲ್ಲಿ ಕೂಡಿಸಿದ್ದೇನೆ. ಮೊದಲ ಸಲ ಹೊರಡುವವರ ಪ್ರಶ್ನೆಗಳು ಮೇಲಿವೆ. ಆಗಲೇ ಒಂದೆರಡು ಗಡಿ ದಾಟಿದವರು ನೇರ ಕೆಳಗೆ ಹೋಗಬಹುದು.

## ಹೊರಡುವ ಮೊದಲು

ಪ್ಲಾನೇ ಇಲ್ಲದೆ ಹೋಗೋದು ಅಂದ್ರೆ ನಿಜವಾಗಿ ಏನು?

ಮುಂದಿನ ಊರು ಯಾವುದು ಅಂತ ಈ ಊರಿನಲ್ಲಿ ಕೂತು ತೀರ್ಮಾನಿಸುವುದು, ಅಷ್ಟೇ. ಆದರೆ ಮೂರು ಸಂಗತಿ ಯಾವಾಗಲೂ ಗೊತ್ತಿರಬೇಕು. ಈ ದೇಶದಲ್ಲಿ ಯಾವ ತಾರೀಖಿನವರೆಗೆ ಇರಬಹುದು, ಮುಂದೆ ಹೋಗುವ ಕಡೆ ಈಗ ಯಾವ ಕಾಲ, ಕೈಯಲ್ಲಿ ಇನ್ನೆಷ್ಟು ತಿಂಗಳ ಹಣ ಇದೆ. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈ ಮೂರೇ ಸಾಲು ಇರುತ್ತವೆ, ಪೆನ್ಸಿಲ್‌ನಲ್ಲಿ. ಪ್ರತಿ ಗಡಿ ದಾಟಿದ ಮೇಲೆ ಅಳಿಸಿ ಮತ್ತೆ ಬರೆಯುತ್ತೇನೆ. ಈಗ ಆ ಪುಟ ಅಳಿಸಿ ಅಳಿಸಿ ತೆಳ್ಳಗಾಗಿದೆ. ಈ ಮೂರು ಗಟ್ಟಿ ಇದ್ದರೆ ಉಳಿದದ್ದನ್ನೆಲ್ಲ ಧೈರ್ಯವಾಗಿ ಸಡಿಲ ಬಿಡಬಹುದು.

ಇದು ಹೊಸ ಹುಚ್ಚೇನೂ ಅಲ್ಲ. ಇಬ್ನ್ ಬತೂತ 1325ರಲ್ಲಿ ಟ್ಯಾಂಜಿಯರ್ ಬಿಟ್ಟಾಗ ಅವನಿಗೆ 21 ವರ್ಷ. ಹೊರಟಿದ್ದು ಮೆಕ್ಕಾ ಯಾತ್ರೆಗೆ. ಮೊರಾಕ್ಕೊಗೆ ಮರಳಿದ್ದು 1349ರಲ್ಲಿ. ನಡುವೆ ಪೂರ್ವ ಆಫ್ರಿಕಾದ ಕರಾವಳಿ, ಮಧ್ಯ ಏಷ್ಯಾ, ಮಾಲ್ಡೀವ್ಸ್ ಎಲ್ಲ ಬಂದು ಹೋದವು.

ಎಷ್ಟು ಹಣ ಇದ್ರೆ ಹೊರಡಬಹುದು?

ಒಂದು ಅಂಕಿ ಹೇಳಿ ಅಂತ ಎಲ್ಲರೂ ಕೇಳುತ್ತಾರೆ. ಹೇಳಿದರೆ ದಾರಿ ತಪ್ಪಿಸಿದ ಹಾಗೆ. ಒಂದೇ ಹಣದಲ್ಲಿ ಬೊಲಿವಿಯಾದಲ್ಲಿ ತಿಂಗಳುಗಟ್ಟಲೆ ಇರಬಹುದು, ನಾರ್ವೆಯಲ್ಲಿ ಕೆಲವೇ ವಾರ. ಅದಕ್ಕಿಂತ ಮುಖ್ಯವಾದದ್ದು ವೇಗ. ಖರ್ಚಿನ ದೊಡ್ಡ ಪಾಲು ತಿನ್ನುವುದಕ್ಕೆ, ಮಲಗುವುದಕ್ಕೆ ಹೋಗುವುದಿಲ್ಲ, ಜಾಗ ಬದಲಿಸುವುದಕ್ಕೆ ಹೋಗುತ್ತದೆ. ವಾರಕ್ಕೆ ಮೂರು ಊರು ನೋಡುವವರು ಬಸ್ಸಿಗೆ, ರೈಲಿಗೆ, ಹೊಸ ವೀಸಾಗೆ, ಗುರುತಿಲ್ಲದ ಊರಿನಲ್ಲಿ ಮೊದಲ ದಿನ ಸುಮ್ನೆ ಕಳೆದುಕೊಳ್ಳುವ ದುಡ್ಡಿಗೆ ಮೂರು ಪಟ್ಟು ಕೊಡುತ್ತಾರೆ. ತಿಂಗಳ ಲೆಕ್ಕದಲ್ಲಿ ಕೋಣೆ ಹಿಡಿದರೆ ದಿನದ ಬಾಡಿಗೆ ಎಷ್ಟೋ ಕಡೆ ಅರ್ಧಕ್ಕೆ ಇಳಿಯುತ್ತದೆ.

ನನ್ನ ಲೆಕ್ಕ ಹೀಗೆ. ಕೈಯಲ್ಲಿರುವ ಹಣದಿಂದ ಮೊದಲು ಎರಡು ಭಾಗ ತೆಗೆದಿಡುತ್ತೇನೆ. ಒಂದು, ಭೂಮಿಯ ಯಾವ ಮೂಲೆಯಿಂದಲಾದರೂ ನಾಳೆಯೇ ಮನೆಗೆ ಮರಳುವಷ್ಟು. ಇನ್ನೊಂದು, ಮರಳಿದ ಮೇಲೆ ಮೂರು ತಿಂಗಳು ಕೆಲಸವಿಲ್ಲದೆ ಬದುಕುವಷ್ಟು. ಇವೆರಡೂ ಬೇರೆ ಖಾತೆಯಲ್ಲಿ. ಉಳಿದದ್ದು ಮಾತ್ರ ತಿರುಗಾಟದ ಹಣ. ಎರಡನೆಯ ಭಾಗವನ್ನು ತುಂಬ ಜನ ಮರೆಯುತ್ತಾರೆ. ಆಮೇಲೆ ಮನೆ ಸೇರಿದ ಮೊದಲ ವಾರವೇ ಸಾಲ ಕೇಳಬೇಕಾಗುತ್ತದೆ.

ಒಬ್ಬರೇ ಯಾಕೆ? ಜೊತೆಗೊಬ್ಬರು ಇದ್ರೆ ಚೆಂದ ಅಲ್ವಾ?

ಚೆಂದವೇ. ಆದರೆ ಇಬ್ಬರಿದ್ದರೆ ಪ್ರತಿ ಬೆಳಿಗ್ಗೆ ಒಪ್ಪಂದ ಬೇಕು. ದಾರಿ ಗೊತ್ತುಮಾಡದೆ ಹೋಗುವಾಗ ಆ ಒಪ್ಪಂದ ದಿನಕ್ಕೆ ಹತ್ತು ಸಲ ಆಗಬೇಕು. ಒಬ್ಬರೇ ಇದ್ದಾಗ ಊರಿನವರು ಮಾತಾಡಿಸುವುದು ಜಾಸ್ತಿ, ಮನೆಗೆ ಕರೆಯುವುದೂ ಜಾಸ್ತಿ. ಒಂದು ಖಾಲಿ ಸೀಟು ಎಲ್ಲಾದರೂ ಸಿಗುತ್ತದೆ, ಎರಡು ಸಿಗುವುದು ಕಷ್ಟ.

ಬ್ಯಾಗಲ್ಲಿ ಏನೇನು ಹಾಕ್ಕೋಬೇಕು?

40 ಲೀಟರ್ ಬ್ಯಾಗು, ತುಂಬಿದಾಗ 8 ಕಿಲೋ ಒಳಗೆ. ಒಂದು ವಾರದ ಬಟ್ಟೆ ಸಾಕು, ವರ್ಷದ ತಿರುಗಾಟಕ್ಕೂ ಅಷ್ಟೇ. ಚಳಿಗೆ ಬೇಕಾದದ್ದನ್ನು ಚಳಿ ಇರುವಲ್ಲೇ ಕೊಳ್ಳಿ, ಬಿಟ್ಟು ಹೋಗುವಾಗ ಯಾರಿಗಾದರೂ ಕೊಡಿ. ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು. 100 ವ್ಯಾಟ್ ಅವರ್ ದಾಟಿದ್ದಾದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು.

ಇನ್ಶೂರೆನ್ಸ್ ಮಾಡಿಸ್ಲೇಬೇಕಾ?

ಮಾಡಿಸಲೇಬೇಕು. ಮಾಡಿಸುವಾಗ ನಾಲ್ಕು ಕಡೆ ಕಣ್ಣಿಡಿ. ವರ್ಷದ ಪಾಲಿಸಿ ಅಂದರೂ ಒಂದು ಪ್ರವಾಸಕ್ಕೆ ಇಂತಿಷ್ಟು ದಿನ ಅಂತ ಮಿತಿ ಇರುತ್ತದೆ. ಮನೆ ಬಿಟ್ಟ ಮೇಲೆ ಕೊಳ್ಳಲು ಎಷ್ಟೋ ಕಂಪನಿಗಳು ಬಿಡುವುದಿಲ್ಲ. ಇಂತಿಷ್ಟು ಮೀಟರ್ ಎತ್ತರದ ಮೇಲೆ ಚಾರಣ ಮಾಡಿದರೆ ಪರಿಹಾರ ಇಲ್ಲ ಅಂತಲೂ ಬರೆದಿರುತ್ತದೆ. ಇನ್ನು ಬಾಡಿಗೆ ಸ್ಕೂಟರ್. ಆ ದೇಶ ಒಪ್ಪುವ ಲೈಸೆನ್ಸ್ ಇಲ್ಲದೆ ಓಡಿಸಿ ಬಿದ್ದರೆ ಒಂದು ಕಾಸೂ ಬರುವುದಿಲ್ಲ. ಅಂತರರಾಷ್ಟ್ರೀಯ ಪರವಾನಗಿಯಲ್ಲೂ ಎರಡು ಬಗೆ ಇದೆ. 1949ರ ಒಪ್ಪಂದದ್ದು ಒಂದು ವರ್ಷ ನಡೆಯುತ್ತದೆ, 1968ರದ್ದು ಹೆಚ್ಚೆಂದರೆ ಮೂರು ವರ್ಷ. ಕೆಲವು ದೇಶಗಳು ಒಂದನ್ನು ಒಪ್ಪಿ ಇನ್ನೊಂದನ್ನು ಒಪ್ಪುವುದಿಲ್ಲ. ಜೊತೆಗೆ ನಿಮ್ಮ ಮೂಲ ಲೈಸೆನ್ಸ್ ಇಲ್ಲದಿದ್ದರೆ ಎರಡೂ ಬರೀ ಕಾಗದ.

ಯಾವ ಲಸಿಕೆ ಹಾಕಿಸ್ಕೋಬೇಕು?

ಪಟ್ಟಿಯನ್ನು ಪ್ರಯಾಣ ವೈದ್ಯರೇ ಕೊಡಲಿ. ನಾನು ಒತ್ತಿ ಹೇಳುವುದು ಹಳದಿ ಜ್ವರದ ಲಸಿಕೆಯ ಬಗ್ಗೆ. ಆಫ್ರಿಕಾದ, ದಕ್ಷಿಣ ಅಮೆರಿಕದ ಕೆಲವು ದೇಶಗಳಿಂದ ಬಂದವರನ್ನು ಮುಂದಿನ ಎಷ್ಟೋ ದೇಶಗಳು ಆ ಲಸಿಕೆಯ ಪ್ರಮಾಣಪತ್ರದ ಹಳದಿ ಪುಸ್ತಕ ಇಲ್ಲದೆ ಒಳಗೆ ಬಿಡುವುದಿಲ್ಲ. ಮುಂದೆ ಎಲ್ಲಿಗೆ ಹೋಗುತ್ತೀರಿ ಅಂತ ನಿಮಗೇ ಗೊತ್ತಿಲ್ಲದಿದ್ದಾಗ ಅದು ಕೈಯಲ್ಲಿರುವುದೇ ಒಳ್ಳೆಯದು. ಚುಚ್ಚಿಸಿಕೊಂಡ 10 ದಿನಕ್ಕೆ ಪ್ರಮಾಣಪತ್ರ ಜಾರಿಗೆ ಬರುತ್ತದೆ. 2016ರ ಜುಲೈನಿಂದ ಅದು ಜೀವಮಾನವಿಡೀ ನಡೆಯುತ್ತದೆ. ಮೊದಲು 10 ವರ್ಷ ಮಾತ್ರ ಇತ್ತು.

## ಗಡಿ ಮತ್ತು ಕಾಗದ

ತಾರೀಖೇ ಗೊತ್ತಿಲ್ಲ ಅಂದ್ಮೇಲೆ ವೀಸಾ ಹೇಗೆ ತಗೊಳ್ತೀರಿ?

ನನ್ನ ಅನುಭವದಲ್ಲಿ ಈ ಬಗೆಯ ತಿರುಗಾಟದ ಅತಿ ಕಷ್ಟದ ಭಾಗ ಇದೇ. ಹಣಕ್ಕಿಂತ, ಭಯಕ್ಕಿಂತ ಇದು ಜಾಸ್ತಿ ಕಾಡಿದೆ. ಎಷ್ಟೋ ರಾಯಭಾರ ಕಚೇರಿಗಳು ಆ ಊರಿನ ನಿವಾಸಿಗಳ ಅರ್ಜಿ ಮಾತ್ರ ತೆಗೆದುಕೊಳ್ಳುತ್ತವೆ. ದಾರಿಯಲ್ಲಿ ಹೋಗುವವರಿಗೆ 'ನಿಮ್ಮ ದೇಶಕ್ಕೆ ಹೋಗಿ ಹಾಕಿ' ಅನ್ನುತ್ತವೆ. ಆದ್ದರಿಂದ ಕಷ್ಟದ ವೀಸಾಗಳನ್ನು ಮನೆಯಲ್ಲೇ ಮಾಡಿಸಿಕೊಳ್ಳಿ. ಅದರಲ್ಲೂ ವರ್ಷಗಟ್ಟಲೆ ನಡೆಯುವ, ಹಲವು ಸಲ ಒಳಬರಲು ಬಿಡುವ ವೀಸಾ ಸಿಗುವುದಿದ್ದರೆ ಮೊದಲು ಅದು. ಅಂಥದೊಂದು ಪಾಸ್‌ಪೋರ್ಟ್‌ನಲ್ಲಿ ಕೂತರೆ ಬೇರೆ ಬಾಗಿಲುಗಳೂ ತೆರೆಯುತ್ತವೆ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಮೆಕ್ಸಿಕೊ ತನ್ನದೇ ವೀಸಾ ಕೇಳುವುದಿಲ್ಲ.

ಆನ್‌ಲೈನ್ ವೀಸಾ ಕೊಡುವ ದೇಶಗಳನ್ನು ಕೊಂಡಿಯ ಹಾಗೆ ಬಳಸಿ. ಕೆಲವು ಕಡೆ ಒಂದೇ ವೀಸಾದಲ್ಲಿ ಗುಂಪು ದೇಶಗಳು ಸಿಗುತ್ತವೆ. ಪೂರ್ವ ಆಫ್ರಿಕಾದ ಪ್ರವಾಸಿ ವೀಸಾದಲ್ಲಿ ಕೀನ್ಯಾ, ಉಗಾಂಡ, ರುವಾಂಡ ಮೂರನ್ನೂ 90 ದಿನ ಸುತ್ತಬಹುದು. ಇದರ ತಿರುಗುಮುರುಗೂ ಉಂಟು. ಗ್ವಾಟೆಮಾಲ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವ ನಾಲ್ಕಕ್ಕೂ ಸೇರಿ 90 ದಿನ. ಒಂದೊಂದಕ್ಕೂ 90 ಅಂದುಕೊಂಡು ಕೂತರೆ ದಂಡ ಕಟ್ಟಬೇಕಾಗುತ್ತದೆ.

ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳು ಆಯಸ್ಸು, ಎರಡು ಖಾಲಿ ಪುಟ. ಇವೆರಡರ ಹತ್ತಿರ ಬಂದಿರಿ ಅಂದರೆ ಮೊದಲ ಕೆಲಸ ಹೊಸ ಪಾಸ್‌ಪೋರ್ಟ್.

ಷೆಂಗೆನ್‌ನ 90 ದಿನ, 180 ದಿನದ ಲೆಕ್ಕ ನಂಗೆ ಅರ್ಥಾನೇ ಆಗ್ತಿಲ್ಲ

ಷೆಂಗೆನ್ ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು. ಅಲ್ಲಿ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ತುಂಬ ಜನ ಇದನ್ನು ವರ್ಷಕ್ಕೆ ಎರಡು ಅರ್ಧ ಅಂತ ತಿಳಿದಿದ್ದಾರೆ. ಹಾಗಲ್ಲ. ಒಳಗಿರುವ ಪ್ರತಿ ದಿನವೂ, ಆ ದಿನ ಸೇರಿಸಿ ಹಿಂದಕ್ಕೆ 180 ದಿನ ಎಣಿಸಿ. ಅದರಲ್ಲಿ ನೀವು ಒಳಗಿದ್ದ ದಿನ 90 ದಾಟಬಾರದು. ಬಂದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ.

ಉದಾಹರಣೆಗೆ ಅಧಿಕ ವರ್ಷವಲ್ಲದ ವರ್ಷದಲ್ಲಿ ಜನವರಿ 1ಕ್ಕೆ ಒಳಗೆ ಬಂದಿರಿ, ಮಾರ್ಚ್ 31ಕ್ಕೆ ಹೊರಟಿರಿ. ಸರಿಯಾಗಿ 90 ದಿನ ಆಯಿತು. ಮತ್ತೆ ಯಾವಾಗ ಬರಬಹುದು? ಜೂನ್ 29ಕ್ಕೆ ಬಂದರೆ 180 ದಿನದ ಕಿಟಕಿ ಜನವರಿ 1ರಿಂದ ಶುರುವಾಗುತ್ತದೆ, 91 ದಿನ ಆಗಿಬಿಡುತ್ತದೆ. ಜೂನ್ 30ಕ್ಕೆ ಬಂದರೆ ಜನವರಿ 1 ಕಿಟಕಿಯಿಂದ ಜಾರಿರುತ್ತದೆ, ಸರಿಹೋಗುತ್ತದೆ. ಅಲ್ಲಿಂದ ಮುಂದೆ ದಿನಕ್ಕೊಂದು ಹಳೆಯ ದಿನ ಉದುರಿ ಹೊಸದೊಂದು ಸೇರುತ್ತದೆ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಫೋಟೊ ತೆಗೆದು ಈ ಎಣಿಕೆಯನ್ನು ಕಂಪ್ಯೂಟರ್‌ಗೆ ಒಪ್ಪಿಸಲು ಶುರುಮಾಡಿದ್ದಾರೆ. ಮಸುಕಾದ ಮೊಹರು ನೋಡಿ ಅಧಿಕಾರಿ ಬಿಟ್ಟುಬಿಡುತ್ತಿದ್ದ ಕಾಲ ಮುಗಿಯಿತು.

ವಾಪಸ್ ಟಿಕೆಟ್ ಇಲ್ದೆ ವಿಮಾನ ಹತ್ತಿಸ್ಕೊಳ್ತಾರಾ?

ಒಂದೊಂದು ಸಲ ಇಲ್ಲ. ತಡೆಯುವವರು ಬಹುಪಾಲು ಗಡಿ ಅಧಿಕಾರಿಗಳಲ್ಲ, ವಿಮಾನ ಸಂಸ್ಥೆಯವರು. ಒಳಬಿಡದ ಪ್ರಯಾಣಿಕರನ್ನು ತಂದರೆ ಅವರಿಗೇ ದಂಡ, ವಾಪಸ್ ಕರೆದೊಯ್ಯುವ ಹೊಣೆಯೂ ಅವರದೇ. ಕೌಂಟರ್‌ನವರು ಟಿಮ್ಯಾಟಿಕ್ ಅನ್ನುವ ವೀಸಾ ನಿಯಮಗಳ ದತ್ತಾಂಶ ನೋಡಿ ತೀರ್ಮಾನಿಸುತ್ತಾರೆ.

ನನ್ನನ್ನು ಒಮ್ಮೆ ಸಾಲಿನಿಂದ ಪಕ್ಕಕ್ಕೆ ನಿಲ್ಲಿಸಿದ್ದರು. ಕೌಂಟರ್ ಮುಚ್ಚಲು 40 ನಿಮಿಷ ಇತ್ತು. ನೆಲದ ಮೇಲೆ ಕೂತು ಫೋನಿನಲ್ಲೇ ಆ ದೇಶದಿಂದ ಪಕ್ಕದ ದೇಶಕ್ಕೆ ಹೋಗುವ ಬಸ್ಸಿನ ಟಿಕೆಟ್ ಕೊಂಡೆ. ತೋರಿಸಿದೆ, ಬಿಟ್ಟರು. ಆಮೇಲೆ ಅದೇ ಬಸ್ಸಿನಲ್ಲಿ ಹೋಗಲಿಲ್ಲ, ಆ ದುಡ್ಡು ಹೋಯಿತು. ಈಗ ಹಣ ಪೂರ್ತಿ ಮರಳಿಸುವ ಟಿಕೆಟ್ ಕೊಂಡು ಇಳಿದ ಮೇಲೆ ರದ್ದು ಮಾಡುತ್ತೇನೆ. ನಕಲಿ ಟಿಕೆಟ್ ಮಾಡಿಕೊಡುವವರ ಹತ್ತಿರ ಹೋಗಬೇಡಿ. ಸಿಕ್ಕಿಬಿದ್ದರೆ ಮುಂದಿನ ಎಲ್ಲ ಅರ್ಜಿಗಳಲ್ಲೂ ಆ ಕಲೆ ಕೂತುಬಿಡುತ್ತದೆ.

## ದಾರಿಯಲ್ಲಿ

ಹೆಂಗಸು, ಅದೂ ಒಬ್ಬಳೇ. ಭಯ ಆಗಲ್ವಾ?

ಆಗುತ್ತದೆ. ಭಯ ಇಲ್ಲ ಅಂತ ಹೇಳಿಕೊಂಡು ಯಾರನ್ನೂ ಹೊರಡಿಸಲು ನನಗೆ ಇಷ್ಟವಿಲ್ಲ. ನಾನು ಮಾಡುವುದು ಕೆಲವೇ ಕೆಲಸ, ಆದರೆ ತಪ್ಪದೆ ಮಾಡುತ್ತೇನೆ. ಹೊಸ ಊರನ್ನು ಹಗಲಲ್ಲೇ ಸೇರುತ್ತೇನೆ, ಅದಕ್ಕಾಗಿ ಒಂದು ದಿನ ತಡವಾದರೂ ಸರಿ. ಮೊದಲ ಎರಡು ರಾತ್ರಿಯ ಜಾಗ ಮುಂಚೆಯೇ ಗೊತ್ತುಮಾಡಿರುತ್ತೇನೆ. ಬಾಗಿಲ ಕೆಳಗೆ ಸಿಕ್ಕಿಸುವ ರಬ್ಬರ್ ಬೆಣೆ ಚೀಲದಲ್ಲಿ ಸದಾ ಇರುತ್ತದೆ. ಹೋಟೆಲ್ ಕೌಂಟರ್‌ನಲ್ಲಿ ಕೋಣೆಯ ನಂಬರ್ ಜೋರಾಗಿ ಹೇಳಿದರೆ ಬೇರೆ ಕೋಣೆ ಕೇಳುತ್ತೇನೆ.

ಎಲ್ಲಕ್ಕಿಂತ ಕಲಿಯಲು ಕಷ್ಟವಾದದ್ದು ಕಾರಣ ಹೇಳದೆ ಎದ್ದು ಬರುವುದು. ಮನಸ್ಸಿಗೆ ಸರಿ ಬರಲಿಲ್ಲ ಅಂದರೆ ಊಟದ ನಡುವೆಯೂ ಎದ್ದಿದ್ದೇನೆ, ಹತ್ತಿದ ಕಾರಿನಿಂದಲೂ ಇಳಿದಿದ್ದೇನೆ. ಅವರು ಒಳ್ಳೆಯವರೇ ಆಗಿದ್ದರೆ? ಇರಬಹುದು. ಅವರ ಬೇಸರವನ್ನು ಹೊರುವ ಹಂಗು ನಿಮಗಿಲ್ಲ.

ಮನೆಯವರಿಗೆ ಎಲ್ಲಿದೀನಿ ಅಂತ ಹೇಗೆ ತಿಳಿಸ್ತೀರಿ?

ಒಬ್ಬರೇ ಒಬ್ಬರಿಗೆ, ಒಂದೇ ನಿಯಮ. ಸಿಗ್ನಲ್ ಇಲ್ಲದ ಕಡೆ ಹೋಗುವ ಮುಂಚೆ 'ಇಂಥ ದಿನ ಇಷ್ಟು ಹೊತ್ತಿಗೆ ಮಾತಾಡುತ್ತೇನೆ' ಅಂತ ಬರೆದು ಹೋಗುತ್ತೇನೆ. ಆ ಹೊತ್ತು ದಾಟಿ 24 ಗಂಟೆ ಆದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಅವರ ಹತ್ತಿರ ಬರೆದಿದೆ. ದಿನಾ ಮೆಸೇಜ್ ಮಾಡುತ್ತೇನೆ ಅಂತ ಮಾತು ಕೊಡಬೇಡಿ. ಒಂದು ದಿನ ತಪ್ಪಿದರೆ ಮನೆಯಲ್ಲಿ ಯಾರೂ ನಿದ್ದೆ ಮಾಡುವುದಿಲ್ಲ.

ರಾತ್ರಿ ಎಲ್ಲಿ ಮಲಗ್ತೀರಿ? ಕೆಲಸ ಮಾಡಿ ಉಳ್ಕೊಳ್ಳೋದು ಒಳ್ಳೇದಾ?

ಹಾಸ್ಟೆಲ್, ಮನೆಗಳಲ್ಲಿ ಬಾಡಿಗೆ ಕೋಣೆ, ಕೆಲವು ಸಲ ಟೆಂಟ್. ಸೈಕಲ್‌ನಲ್ಲಿ ಹೋಗುವವರಿಗೆ ವಾರ್ಮ್‌ಶವರ್ಸ್ ಇದೆ, ಸೈಕಲ್ ಸವಾರರು ಸವಾರರನ್ನೇ ಮನೆಯಲ್ಲಿ ಉಳಿಸಿಕೊಳ್ಳುತ್ತಾರೆ. ಹೊಲದಲ್ಲಿ ಕೆಲಸ ಮಾಡಿ ಊಟ, ಜಾಗ ಪಡೆಯುವ ವೂಫ್ 1971ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು, ಇವತ್ತಿಗೂ ಚೆನ್ನಾಗಿ ನಡೆಯುತ್ತಿದೆ. ಒಂದೂರಿನ ಒಳಗನ್ನು ನೋಡಲು ನನಗೆ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ.

ಆದರೆ ಎಚ್ಚರ. ಸಂಬಳ ಇಲ್ಲದಿದ್ದರೂ ಊಟ, ಜಾಗಕ್ಕೆ ದುಡಿಯುವುದನ್ನು ಎಷ್ಟೋ ದೇಶಗಳು ಕೆಲಸ ಅಂತಲೇ ಎಣಿಸುತ್ತವೆ. ಪ್ರವಾಸಿ ವೀಸಾದಲ್ಲಿ ಬಂದು ಗಡಿಯಲ್ಲಿ ಹಾಗೆ ಹೇಳಿದವರನ್ನು ತಿರುಗಿ ಕಳಿಸಿದ್ದುಂಟು. ಸುಳ್ಳು ಹೇಳಿ ಅನ್ನುತ್ತಿಲ್ಲ. ಆ ದೇಶದ ನಿಯಮ ಮೊದಲು ಓದಿ, ಒಪ್ಪದಿದ್ದರೆ ಅಲ್ಲಿ ಆ ಕೆಲಸ ಮಾಡಬೇಡಿ.

ಕಾರ್ಡ್ ಕೆಲಸ ಮಾಡ್ದಿದ್ರೆ ಏನ್ ಮಾಡೋದು?

ಎರಡು ಬ್ಯಾಂಕಿನ, ಎರಡು ಬೇರೆ ಜಾಲದ (ವೀಸಾ, ಮಾಸ್ಟರ್‌ಕಾರ್ಡ್ ಥರದ) ಕಾರ್ಡ್ ಇರಲಿ, ಒಂದು ಮೈಮೇಲೆ, ಇನ್ನೊಂದು ಚೀಲದ ತಳದಲ್ಲಿ. ಯಂತ್ರ 'ನಿಮ್ಮ ದೇಶದ ಹಣದಲ್ಲಿ ಲೆಕ್ಕ ಮಾಡಲಾ' ಅಂತ ಕೇಳಿದರೆ ಪ್ರತಿ ಸಲವೂ ಬೇಡ ಅನ್ನಿ. ಅಲ್ಲಿನ ಹಣದಲ್ಲೇ ತೆಗೆಯಿರಿ, ಯಂತ್ರ ಹಾಕುವ ವಿನಿಮಯ ದರ ಹೆಚ್ಚುಕಡಿಮೆ ಯಾವಾಗಲೂ ನಿಮಗೆ ನಷ್ಟ. ಕೆಲವು ಡಾಲರ್ ನೋಟು ಇಟ್ಟುಕೊಳ್ಳಿ, ಮಡಚದ, ಗೀಚದ, ಹೊಸವು. ಹಳೆಯ ಸುಕ್ಕು ನೋಟನ್ನು ಎಷ್ಟೋ ಕಡೆ ಮುಟ್ಟುವುದೇ ಇಲ್ಲ.

ಯಾರೂ ಮುಂಚೆ ಯೋಚಿಸದ ತೊಂದರೆ ಒಟಿಪಿ. ಮನೆಯ ಸಿಮ್ ಸುಮ್ನೆ ಬಿದ್ದಿದ್ದು ರದ್ದಾದರೆ ಬ್ಯಾಂಕ್, ಇಮೇಲ್ ಎರಡೂ ಒಟ್ಟಿಗೆ ಮುಚ್ಚಿಹೋಗುತ್ತವೆ. ಹೊರಡುವ ಮುಂಚೆಯೇ ಆ ನಂಬರ್ ಜೀವಂತ ಇಡಲು ಏನು ಬೇಕೋ ಮಾಡಿ. ಇಮೇಲ್‌ನ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಕಾಯಿಲೆ ಬಿದ್ರೆ ಯಾರು ನೋಡ್ಕೊಳ್ತಾರೆ?

ಬಹುಪಾಲು ಹಾಸ್ಟೆಲ್‌ನ ಪಕ್ಕದ ಮಂಚದವರು. ಆದರೆ ಎರಡು ವಿಷಯಕ್ಕೆ ಯಾರನ್ನೂ ಕಾಯಬೇಡಿ.

ನಾಯಿ, ಮಂಗ, ಬಾವಲಿ ಯಾವುದಾದರೂ ಕಚ್ಚಿದರೆ, ಗೀರಿದರೂ ಸರಿ, ಅಲ್ಲೇ ಸೋಪು ನೀರಿನಲ್ಲಿ 15 ನಿಮಿಷ ಗಡಿಯಾರ ನೋಡಿಕೊಂಡು ತೊಳೆಯಿರಿ. ಅವತ್ತೇ ಲಸಿಕೆಗೆ ಹೊರಡಿ. ರೇಬೀಸ್ ಲಕ್ಷಣ ಕಂಡ ಮೇಲೆ ಬದುಕುವುದು ತೀರಾ ಅಪರೂಪ.

ಇನ್ನೊಂದು ಎತ್ತರ. ಬೊಲಿವಿಯಾದ ಲಾ ಪಾಜ್ ಊರೇ ಸುಮಾರು 3,600 ಮೀಟರ್ ಮೇಲಿದೆ. ಸಮುದ್ರಮಟ್ಟದಿಂದ ನೇರ ಅಲ್ಲಿಗೆ ಹಾರಿ ಇಳಿದರೆ ತಲೆ ಸಿಡಿಯುವುದು ಸಹಜ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬೇಡಿ. ನಡಿಗೆ ತೂರಾಡಿದರೆ, ಕೂತಲ್ಲೇ ಉಸಿರು ಕಟ್ಟಿದರೆ, ರಾತ್ರಿ ಆದರೂ ಕೆಳಗಿಳಿಯಿರಿ. ದಾರಿ ಗೊತ್ತುಮಾಡದವರಿಗೆ ಇಲ್ಲಿ ಒಂದು ಅನುಕೂಲ ಇದೆ. ಇಳಿದರೆ ತಪ್ಪಿಹೋಗುವ ಟಿಕೆಟ್ ಯಾವುದೂ ಇರುವುದಿಲ್ಲ.

ಒಂಟಿ ಅನ್ಸಲ್ವಾ? ಬೇಜಾರಾಗಲ್ವಾ?

ಮೊದಲ ಎರಡು ತಿಂಗಳು ಅನ್ನಿಸುವುದಿಲ್ಲ. ಎಲ್ಲ ಹೊಸದು. ನನಗೆ ಮೂರು ಸಲವೂ ಬಂದದ್ದು ಮೂರನೇ, ನಾಲ್ಕನೇ ತಿಂಗಳಲ್ಲಿ. ಆಗ ಬಂದದ್ದು ಒಂಟಿತನ ಅಂದುಕೊಂಡಿದ್ದೆ, ನೋಡಿದರೆ ದಣಿವು. ಎಲ್ಲಿ ಮಲಗಲಿ, ಏನು ತಿನ್ನಲಿ, ಯಾವ ಬಸ್ಸು, ಇವರನ್ನು ನಂಬಲಾ, ಹೀಗೆ ಬೆಳಗಿನಿಂದ ರಾತ್ರಿವರೆಗೆ ತೀರ್ಮಾನಿಸುತ್ತಲೇ ಇರಬೇಕು. ಮನೆಯಲ್ಲಿ ಇವೆಲ್ಲ ತಾವಾಗಿಯೇ ನಡೆಯುತ್ತಿದ್ದವು. ಒಂದು ದಿನ ಊರಿನ ದೊಡ್ಡ ಕೋಟೆಯ ಬಾಗಿಲವರೆಗೆ ಹೋಗಿ, ಒಳಗೆ ಹೋಗಲು ಮನಸ್ಸಿಲ್ಲದೆ ಮೆಟ್ಟಿಲ ಮೇಲೆ ಕೂತು ಅತ್ತಿದ್ದೇನೆ.

ಅದಕ್ಕೆ ನನಗೆ ಗೊತ್ತಿರುವ ಮದ್ದು ನಿಲ್ಲುವುದು. ಒಂದು ಸಾಧಾರಣ ಊರು ಹುಡುಕಿ, ನೋಡಲು ಏನೂ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ನಾಲ್ಕು ವಾರ ಕೋಣೆ ಹಿಡಿಯಿರಿ. ದಿನಾ ಅದೇ ಅಂಗಡಿ, ಅದೇ ಬೆಂಚು. ಎರಡನೇ ವಾರ ಅಂಗಡಿಯವರು ನೀವು ಕೇಳುವ ಮುಂಚೆಯೇ ಸಾಮಾನು ತೆಗೆದಿಡುತ್ತಾರೆ. ಮೂರನೇ ವಾರ ಯಾರಾದರೂ ಹೆಸರು ಹಿಡಿದು ಕರೆಯುತ್ತಾರೆ. ಆಮೇಲೆ ಒಂದು ಬೆಳಿಗ್ಗೆ ನೀವಾಗಿಯೇ ನಕ್ಷೆ ಬಿಡಿಸುತ್ತೀರಿ. ಅಲ್ಲಿಯವರೆಗೆ ಹೊರಡಬೇಡಿ.

## ಖಂಡದಿಂದ ಖಂಡಕ್ಕೆ

ಕಾಲ ಹೇಗೆ ಲೆಕ್ಕ ಹಾಕ್ತೀರಿ?

ದಾರಿ ಗೊತ್ತಿಲ್ಲದಿದ್ದರೂ ದಿಕ್ಕನ್ನು ಕಾಲವೇ ಹೇಳುತ್ತದೆ. ಮಧ್ಯ ಏಷ್ಯಾದ ಪಾಮೀರ್ ಹೆದ್ದಾರಿಗೆ ಜೂನ್‌ನಿಂದ ಸೆಪ್ಟೆಂಬರ್. ಅಲ್ಲಿನ ಆಕ್ ಬೈತಾಲ್ ಕಣಿವೆದಾರಿ 4,655 ಮೀಟರ್ ಎತ್ತರದಲ್ಲಿದೆ, ಉಳಿದ ತಿಂಗಳು ಹಿಮ. ದಕ್ಷಿಣ ಅಮೆರಿಕದ ತುದಿಯ ಪಟಗೋನಿಯಾಗೆ ನವೆಂಬರ್‌ನಿಂದ ಮಾರ್ಚ್. ದಕ್ಷಿಣ ಆಫ್ರಿಕಾ ಭಾಗದ ಕಾಡುಗಳಿಗೆ ಮಳೆ ಇಲ್ಲದ ಮೇ–ಅಕ್ಟೋಬರ್. ಬೊಲಿವಿಯಾದ ಉಯುನಿ ಉಪ್ಪಿನ ಬಯಲು ಕನ್ನಡಿಯ ಹಾಗೆ ಹೊಳೆಯಬೇಕಾದರೆ ಜನವರಿ, ಫೆಬ್ರವರಿಯ ಮಳೆ ಬೇಕು. ಆದರೆ ಆಗ ಅರ್ಧ ಬಯಲಿಗೆ ಗಾಡಿಯೇ ಹೋಗುವುದಿಲ್ಲ.

ವಿಮಾನ ಹತ್ತದೇನೇ ಖಂಡ ದಾಟಬಹುದಾ?

ಕೆಲವನ್ನು ಸುಲಭವಾಗಿ. ಜಿಬ್ರಾಲ್ಟರ್ ಜಲಸಂಧಿ ಕಿರಿದಾದ ಕಡೆ 14 ಕಿಲೋಮೀಟರ್ ಅಷ್ಟೇ, ತರೀಫದಿಂದ ಟ್ಯಾಂಜಿಯರ್‌ಗೆ ಹಡಗು ಒಂದು ಗಂಟೆಯ ಆಸುಪಾಸು. ಇಸ್ತಾಂಬುಲ್‌ನಲ್ಲಿ 2013ರಿಂದ ಸಮುದ್ರದಡಿಯ ರೈಲಿನಲ್ಲೇ ಯುರೋಪಿನಿಂದ ಏಷ್ಯಾಗೆ ಹೋಗಬಹುದು.

ಕೆಲವು ಕಡೆ ದಾರಿಯೇ ಇಲ್ಲ. ಪ್ಯಾನ್ ಅಮೆರಿಕನ್ ಹೆದ್ದಾರಿ ಅಲಾಸ್ಕಾದಿಂದ ಅರ್ಜೆಂಟೀನಾದ ಉಶುವಾಯಿಯವರೆಗೆ ಸುಮಾರು 30,000 ಕಿಲೋಮೀಟರ್. ಪನಾಮಾದ ಯಾವೀಸಾದಲ್ಲಿ ರಸ್ತೆ ಮುಗಿಯುತ್ತದೆ. ಕೊಲಂಬಿಯಾದಲ್ಲಿ ಮತ್ತೆ ಶುರುವಾಗುವವರೆಗೆ ಸುಮಾರು 100 ಕಿಲೋಮೀಟರ್ ಡೇರಿಯನ್ ಕಾಡು, ಜವುಗು. ಬೇರೆ ದಾರಿಯಿಲ್ಲದ ವಲಸಿಗರು ಅಲ್ಲಿ ಜೀವ ಕಳೆದುಕೊಂಡಿದ್ದಾರೆ. ಅದನ್ನು ಸಾಹಸ ಅಂತ ಯಾರೂ ತೆಗೆದುಕೊಳ್ಳಬಾರದು. ಸಾನ್ ಬ್ಲಾಸ್ ದ್ವೀಪಗಳ ಮೇಲೆ ಹಾದು ಕೊಲಂಬಿಯಾದ ಕಾರ್ತಹೇನಕ್ಕೆ ಹೋಗುವ ಹಾಯಿದೋಣಿ ಹಿಡಿಯಿರಿ, ನಾಲ್ಕೈದು ದಿನ.

ಅಟ್ಲಾಂಟಿಕ್ ದಾಟುವವರು ನವೆಂಬರ್ ಹೊತ್ತಿಗೆ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್ ಬಂದರಿಗೆ ಬರುತ್ತಾರೆ. ಚಂಡಮಾರುತದ ಕಾಲ ಮುಗಿದು ವಾಣಿಜ್ಯ ಮಾರುತ ಬೀಸಲು ಶುರುವಾದಾಗ ಹಾಯಿದೋಣಿಗಳು ಕೆರಿಬಿಯನ್ ಕಡೆ ಹೊರಡುತ್ತವೆ, ಸುಮಾರು ಮೂರು ವಾರದ ದಾರಿ. ಕೈಯಾಳು ಬೇಕಾದವರು ಅಲ್ಲೇ ಸಿಗುತ್ತಾರೆ. ಮೂರು ವಾರ ಇಳಿಯಲು ಆಗದ ಜಾಗ ಅದು. ನಾಯಕರ ಜೊತೆ ಮೊದಲು ಎರಡು ದಿನ ಬಂದರಿನಲ್ಲೇ ಕೆಲಸ ಮಾಡಿ ನೋಡಿ, ಆಮೇಲೆ ಒಪ್ಪಿ.

ಕ್ಯಾಸ್ಪಿಯನ್ ದಾಟೋ ಹಡಗಿಗೆ ಟೈಮ್‌ಟೇಬಲ್ಲೇ ಇಲ್ವಂತೆ, ನಿಜವಾ?

ನಿಜ. ಅದು ಲಾರಿ, ರೈಲು ಡಬ್ಬಿ ಸಾಗಿಸುವ ಹಡಗು, ತುಂಬಿದಾಗ ಹೊರಡುತ್ತದೆ. ನಾನು 2018ರಲ್ಲಿ ಅಜರ್‌ಬೈಜಾನ್‌ನ ಬಾಕು ಊರಿನ ದಕ್ಷಿಣಕ್ಕಿರುವ ಅಲಾತ್ ಬಂದರಿನಲ್ಲಿ ಮೂರು ರಾತ್ರಿ ಕಾದೆ. ಮೊದಲ ದಿನ ಗಂಟೆಗೊಮ್ಮೆ ಕಿಟಕಿಗೆ ಹೋಗಿ ಕೇಳಿದೆ. 'ಗಾಳಿ' ಅಂದರು. ಎರಡನೇ ದಿನ ಕೇಳುವುದು ಬಿಟ್ಟೆ. ಲಾರಿ ಚಾಲಕರು ಎರಡು ಗಾಡಿಗಳ ನಡುವಿನ ನೆರಳಲ್ಲಿ ಕಂಬಳಿ ಹಾಸಿ ನನಗೂ ಜಾಗ ಬಿಟ್ಟರು. ನಮ್ಮ ನಡುವೆ ಒಂದು ಭಾಷೆಯೂ ಸೇರುತ್ತಿರಲಿಲ್ಲ. ಒಬ್ಬರು ಧೂಳಿನಲ್ಲಿ ಬೆರಳಿನಿಂದ ತಮ್ಮ ಮನೆಯ ನಕ್ಷೆ ಬರೆದರು, ಬಾವಿ ಎಲ್ಲಿ, ಮಗಳ ಕೋಣೆ ಎಲ್ಲಿ ಅಂತ. ಮೂರನೇ ರಾತ್ರಿ ಎರಡು ಗಂಟೆಗೆ ಅವರೇ ನನ್ನ ಚೀಲ ಅಲ್ಲಾಡಿಸಿ ಎಬ್ಬಿಸಿದರು. ಹಡಗು ಹೊರಡುವಾಗ ಹಿಂದೆ ದಡದ ದೀಪಗಳು, ಮುಂದೆ ಸಮುದ್ರದ ನಡುವೆ ತೈಲ ಬಾವಿಗಳ ದೀಪಗಳು. ನಿದ್ದೆ ಬರಲಿಲ್ಲ.

ಹೋಗುವವರು ಇಷ್ಟು ನೆನಪಿಡಿ. ಅಜರ್‌ಬೈಜಾನ್‌ನ ಆನ್‌ಲೈನ್ ವೀಸಾ ಒಮ್ಮೆಗೆ 30 ದಿನ. ಅದರಲ್ಲಿ ಕಡೇ ಪಕ್ಷ ಒಂದು ವಾರ ಉಳಿದಿರುವಾಗಲೇ ಬಂದರಿಗೆ ಬನ್ನಿ. ಹಡಗು ಕಜಾಕಸ್ತಾನದ ಅಕ್ತಾವ್‌ಗೂ ಹೋಗಬಹುದು, ಕುರಿಕ್‌ಗೂ ಹೋಗಬಹುದು, ಟಿಕೆಟ್ ಕೊಳ್ಳುವಾಗ ಕೇಳಿ. ಅಜರ್‌ಬೈಜಾನ್‌ನ ಭೂಗಡಿಗಳು 2020ರ ಮಾರ್ಚ್‌ನಲ್ಲಿ ಮುಚ್ಚಿ ವರ್ಷಗಟ್ಟಲೆ ತೆರೆಯಲಿಲ್ಲ, ಜಾರ್ಜಿಯಾದಿಂದ ಬರುವವರೂ ಹಾರಿಯೇ ಬರಬೇಕಾಯಿತು. ಹೀಗೆ ದಾರಿಗಳು ಮುಚ್ಚುತ್ತಲೇ ಇರುತ್ತವೆ. ಕೈರೋದಿಂದ ಕೇಪ್‌ಟೌನ್‌ವರೆಗೆ ನೆಲದ ಮೇಲೆ ಹೋಗುವ ಹಳೆಯ ದಾರಿ 2023ರ ಏಪ್ರಿಲ್‌ನಲ್ಲಿ ಸುಡಾನ್ ಯುದ್ಧ ಶುರುವಾದಾಗ ಕಡಿದುಹೋಯಿತು. ದಾರಿಗಳನ್ನು ಹಳೆಯ ಬರಹ ನಂಬಿ ಗೊತ್ತುಮಾಡಬೇಡಿ, ಆ ವಾರ ದಾಟಿ ಬಂದವರನ್ನು ಕೇಳಿ.

ಸಾಕು, ಮನೆಗೆ ಹೋಗ್ಬೇಕು ಅಂತ ಹೇಗೆ ಗೊತ್ತಾಗುತ್ತೆ?

ನಾಲ್ಕು ವಾರ ಒಂದು ಕಡೆ ನಿಂತ ಮೇಲೂ ನಕ್ಷೆ ಬಿಡಿಸಲು ಮನಸ್ಸು ಬರದಿದ್ದರೆ ನಾನು ಟಿಕೆಟ್ ನೋಡುತ್ತೇನೆ. ಹಣ ಮುಗಿಯುವವರೆಗೆ ಕಾಯುವುದಿಲ್ಲ.

ಮರಳಿದ ಮೇಲೆ ಹೊಂದ್ಕೊಳ್ಳೋದು ಕಷ್ಟನಾ?

ಹೋಗುವುದಕ್ಕಿಂತ ಕಷ್ಟ. ಎಲ್ಲರೂ 'ಹೇಗಿತ್ತು' ಅಂತ ಕೇಳುತ್ತಾರೆ, ಎರಡು ನಿಮಿಷದಲ್ಲಿ ಹೇಳಿ ಮುಗಿಸಬೇಕು. 19 ತಿಂಗಳ ಮೇಲೆ ಬಂದಾಗ ಬೀರು ತೆಗೆದು ಇಷ್ಟೊಂದು ಬಟ್ಟೆ ಯಾರದು ಅಂತ ನಿಂತುಬಿಟ್ಟಿದ್ದೆ. ಮೊದಲ ತಿಂಗಳು ದೊಡ್ಡ ತೀರ್ಮಾನ ಯಾವುದೂ ಬೇಡ, ಕೆಲಸದ ಬಗ್ಗೆಯೂ, ಮತ್ತೆ ಹೊರಡುವ ಬಗ್ಗೆಯೂ. ದಾರಿಯಲ್ಲಿ ಉಳಿಸಿಕೊಂಡವರಿಗೆ ಕೈಯಲ್ಲಿ ಪತ್ರ ಬರೆಯಿರಿ. ನನ್ನ ಪತ್ರಗಳಿಗೆ ಎಲ್ಲರಿಗಿಂತ ಮೊದಲು ಬಂದ ಉತ್ತರ ಆ ಲಾರಿ ಚಾಲಕರದು. ಒಳಗೆ ಅಕ್ಷರ ಒಂದೂ ಇರಲಿಲ್ಲ. ಮನೆಯ ಅದೇ ನಕ್ಷೆ ಇತ್ತು, ಈ ಸಲ ಮಗಳು ಬಣ್ಣ ಹಚ್ಚಿದ್ದಳು.